ಟೀಮ್ ಲೀಡ್ ಆದ ಮೇಲೆ ದಿನಾ ಏನು ಮಾಡಿದರೆ ಉಪಯೋಗ? ಬೆಳಿಗ್ಗೆ ಐದಕ್ಕೆ ಏಳುವುದು ಸಾಕಾಗ್ತಿಲ್ಲ

ಬಿಜೈ ಬಿಲ್ಲಿಂಗ್
ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಆಫೀಸಿನಲ್ಲಿ ಬಿಲ್ಲಿಂಗ್ ಸೆಕ್ಷನ್‌ನಲ್ಲಿದ್ದೇನೆ. ಈ ವರ್ಷ ಟೀಮ್ ಲೀಡ್ ಮಾಡಿದ್ದಾರೆ. ಕೆಲಸ ಗೊತ್ತುಂಟು, ಅದರ ಹೆದರಿಕೆ ಇಲ್ಲ. ಕಷ್ಟ ಇರುವುದು ಜನರ ಜೊತೆ.

ಬೆಳಿಗ್ಗೆ ಮೀಟಿಂಗಿನಲ್ಲಿ "ಎಲ್ಲರಿಗೂ ಅರ್ಥ ಆಯ್ತಾ?" ಅಂತ ಕೇಳುತ್ತೇನೆ. "ಆಯ್ತು ಮೇಡಂ" ಅನ್ನುತ್ತಾರೆ. ಸಂಜೆ ನಾಲ್ಕಕ್ಕೆ ನೋಡಿದರೆ ಇಬ್ಬರು ಹಳೇ ಫಾರ್ಮ್ಯಾಟಿನಲ್ಲೇ ಮಾಡಿರುತ್ತಾರೆ, ಒಬ್ಬರು ಶುರುವೇ ಮಾಡಿರುವುದಿಲ್ಲ. ಗೊತ್ತಿಲ್ಲ ಅಂತ ಯಾರೂ ಬಾಯಿ ಬಿಡುವುದಿಲ್ಲ. ಇನ್ನೊಂದು, ಟೀಮಿನಲ್ಲಿ ಒಬ್ಬರು ನನಗಿಂತ ತುಂಬಾ ಸೀನಿಯರ್. ನಾನು ಸೇರಿದಾಗ ನನಗೆ ಕೆಲಸ ಕಲಿಸಿದ್ದೇ ಅವರು. ಈಗಲೂ ಸರ್ ಅಂತಲೇ ಕರೆಯುತ್ತೇನೆ. ಅವರಿಗೆ ಕೆಲಸ ಹೇಳುವುದು ಹೇಗೆ ಅಂತ ತೋಚುವುದಿಲ್ಲ.

"ಮೊದಲು ನಿಮ್ಮ ಅಭ್ಯಾಸ ಸರಿ ಮಾಡಿಕೊಳ್ಳಿ, ಲೀಡರ್‌ಶಿಪ್ ತಾನಾಗಿ ಬರುತ್ತದೆ" ಅಂದರು ಮ್ಯಾನೇಜರ್. ಹಾಗಾಗಿ ಐದಕ್ಕೆ ಏಳುತ್ತಿದ್ದೇನೆ. ಕದ್ರಿ ಪಾರ್ಕಿನಲ್ಲಿ ವಾಕಿಂಗ್, ಸ್ವಲ್ಪ ಧ್ಯಾನ, ರಾತ್ರಿ ಡೈರಿ. ಮೈ ಹಗುರ ಆಗಿದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ಆಫೀಸಿನಲ್ಲಿ ಒಂದು ಚೂರೂ ಬದಲಾಗಿಲ್ಲ. ಜನರನ್ನು ಸಂಭಾಳಿಸಿದ ಅನುಭವ ಇರುವವರು ಹೇಳಿ, ದಿನಾ ಮಾಡುವಂಥದ್ದು ಯಾವುದು ನಿಜವಾಗಿ ಉಪಯೋಗಕ್ಕೆ ಬಂತು?

ಪಂಪ್‌ವೆಲ್ ಸರ್ಕಲ್
ಐದಕ್ಕೆ ಏಳುವುದನ್ನು ಮಾತ್ರ ಬಿಡಬೇಡಿ. 21 ದಿನ ತಪ್ಪದೆ ಮಾಡಿದರೆ ಅಭ್ಯಾಸ ಆಗುತ್ತದೆ. ಆಮೇಲೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಸುರತ್ಕಲ್ ಕ್ಯಾಂಟೀನ್
ಈ 21 ದಿನದ ಲೆಕ್ಕ ಎಲ್ಲ ಕಡೆ ಓಡಾಡುತ್ತಾ ಉಂಟು. ಅದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಅವರಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ "ಕಡಿಮೆ ಅಂದರೂ" ಅನ್ನುವುದು ಬಿದ್ದುಹೋಯಿತು.

ಅಳೆದು ನೋಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಜೊತೆಯವರು. 96 ಜನರನ್ನು 12 ವಾರ ಗಮನಿಸಿದರು. ಮಧ್ಯಾಹ್ನ ಊಟದ ಜೊತೆ ಒಂದು ಹಣ್ಣು ತಿನ್ನುವುದು, ಹೀಗೆ ಸಣ್ಣ ಸಣ್ಣ ಅಭ್ಯಾಸ. ಯೋಚಿಸದೆ ಮಾಡುವ ಮಟ್ಟಕ್ಕೆ ಬರಲು ಹಿಡಿದದ್ದು ಸುಮಾರು 66 ದಿನ. ಕೆಲವರಿಗೆ 18ರಲ್ಲೇ ಆಯಿತು. ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೂ ದೊಡ್ಡ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ಬಿಜೈಯವರೇ, 22ನೇ ದಿನ ಕಷ್ಟ ಅನಿಸಿದರೆ ನಿಮ್ಮಲ್ಲಿ ಏನೋ ಕೊರತೆ ಉಂಟು ಅಂದುಕೊಳ್ಳಬೇಡಿ.

ಪಂಪ್‌ವೆಲ್ ಸರ್ಕಲ್
ಸರಿ, 21 ಅಲ್ಲ 66 ಅನ್ನಿ. ಶಿಸ್ತು ಬೇಕು ಅನ್ನುವ ಮಾತು ಅದರಿಂದ ಸುಳ್ಳಾಗುವುದಿಲ್ಲವಲ್ಲ.

ಮಣಿಪಾಲ ನೈಟ್ ಡ್ಯೂಟಿ
ನಾನು ನರ್ಸ್. ಬೆಳಿಗ್ಗೆ ಐದಕ್ಕೆ ನಮ್ಮ ವಾರ್ಡಿನಲ್ಲಿ ಬಿಪಿ, ಟೆಂಪರೇಚರ್ ನೋಡುವ ಗಡಿಬಿಡಿ. ಧ್ಯಾನಕ್ಕೆ ಎಲ್ಲಿಂದ ಸಮಯ? ಆದರೂ ನಮ್ಮಲ್ಲಿ ಒಳ್ಳೆಯ ಇನ್‌ಚಾರ್ಜ್ ಸಿಸ್ಟರ್‌ಗಳು ಇದ್ದಾರೆ. ಯಾವಾಗ ಏಳುತ್ತೀರಿ ಅನ್ನುವುದಕ್ಕೂ ಲೀಡರ್ ಆಗುವುದಕ್ಕೂ ನನಗೆ ಸಂಬಂಧ ಕಾಣುವುದಿಲ್ಲ.

ನಿಮ್ಮ "ಅರ್ಥ ಆಯ್ತಾ?" ಪ್ರಶ್ನೆಗೆ ಬರುತ್ತೇನೆ. ಆ ಪ್ರಶ್ನೆಗೆ ಆಯ್ತು ಅನ್ನುವುದು ಬಿಟ್ಟು ಬೇರೆ ಉತ್ತರವೇ ಇಲ್ಲ. ನಾಲ್ಕು ಜನರ ಎದುರು ಇಲ್ಲ ಅನ್ನಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ? ನಮ್ಮಲ್ಲಿ ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಮಂಚದ ಪಕ್ಕದಲ್ಲೇ ನಿಂತು ಕೊಡುತ್ತೇವೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಕಂಡದ್ದೇನು, ಮುಂದೆ ಏನು ಮಾಡಬೇಕು, ಇದೇ ವರಸೆಯಲ್ಲಿ. ಇದಕ್ಕೆ ಎಸ್‌ಬಿಎಆರ್ ಅಂತಾರೆ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ. ತೆಗೆದುಕೊಳ್ಳುವವರು ಕೇಳಿದ್ದನ್ನು ತಮ್ಮ ಬಾಯಲ್ಲಿ ತಿರುಗಿ ಹೇಳಬೇಕು. "ಆಂಟಿಬಯಾಟಿಕ್ ಎಂಟು ಗಂಟೆಗೆ, ಡ್ರಿಪ್ ಮುಗಿದ ಮೇಲೆ, ಅಲ್ವಾ?" ಅಂತ. ಹೇಳುವಾಗಲೇ ಎಲ್ಲಿ ತಪ್ಪಿದೆ ಅಂತ ಇಬ್ಬರಿಗೂ ಗೊತ್ತಾಗುತ್ತದೆ. ಯಾರಿಗೂ ಅವಮಾನ ಇಲ್ಲ, ಯಾಕೆಂದರೆ ಎಲ್ಲರೂ ಹೇಳಲೇಬೇಕು, ನಲವತ್ತು ದಾಟಿದ ಸಿಸ್ಟರ್ ಕೂಡ.

ನಾಳೆ ಅರ್ಥ ಆಯ್ತಾ ಅಂತ ಕೇಳಬೇಡಿ. "ಇವತ್ತು ನೀವು ಮೊದಲು ಯಾವುದನ್ನು ಕೈಗೆತ್ತಿಕೊಳ್ಳುತ್ತೀರಿ?" ಅಂತ ಒಬ್ಬೊಬ್ಬರನ್ನೇ ಕೇಳಿ.

ಕಾರ್ಕಳದ ಶೈಲಿ
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಮಾತು ಸೇರಿಸುತ್ತೇನೆ. ಐದಕ್ಕೆ ಏಳಿ ಅಂತ ಸಲಹೆ ಕೊಡುವವರು ಹೆಂಗಸರು ಐದಕ್ಕೆ ಎದ್ದು ಏನು ಮಾಡುತ್ತಿರುತ್ತಾರೆ ಅಂತ ನೋಡಿರುವುದಿಲ್ಲ. ನನ್ನ ಬೆಳಿಗ್ಗೆ ದೋಸೆ ಹಿಟ್ಟು, ಮಗನ ಟಿಫಿನ್, ಅತ್ತೆಯ ಮಾತ್ರೆ, ಏಳೂವರೆಯ ಬಸ್ಸು. ಅದರಲ್ಲಿ ವಾಕಿಂಗ್ ಇಲ್ಲ ಅಂತ ನಾನು ಬೆಳೆಯುತ್ತಿಲ್ಲವಾ? ಬಿಜೈ ಅಕ್ಕ, ನಿಮಗೆ ಸಮಯ ಸಿಗುತ್ತಿದ್ದರೆ ಖಂಡಿತ ಹೋಗಿ, ಆರೋಗ್ಯಕ್ಕೆ ಬೇಕು. ಆದರೆ ಅದನ್ನು ಆಫೀಸಿನ ಲೆಕ್ಕಕ್ಕೆ ಹಾಕಬೇಡಿ.

ಪಂಪ್‌ವೆಲ್ ಸರ್ಕಲ್
ಶೈಲಿಯವರೇ, ನಾನು ಹೆಂಗಸರಿಗೆ ಅಂತ ಬೇರೆ ಹೇಳಿದ್ದಲ್ಲ. ನಿಮ್ಮ ಮಾತು ಒಪ್ಪುತ್ತೇನೆ. ಆದರೂ ತನ್ನ ಸಮಯವನ್ನೇ ಹಿಡಿತಕ್ಕೆ ತರಲಾಗದವರ ಮಾತನ್ನು ಟೀಮ್ ಯಾಕೆ ಕೇಳಬೇಕು?

ಉಡುಪಿ ರಥಬೀದಿ
ನಾನು ಬ್ಯಾಂಕಿನಿಂದ ನಿವೃತ್ತ. ಪಂಪ್‌ವೆಲ್‌ನವರ ಪ್ರಶ್ನೆಯಲ್ಲಿ ಸತ್ವ ಉಂಟು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಜಿಲ್ಲೆಯವರಿಗೆ ಪಿಗ್ಮಿ ಬಗ್ಗೆ ಹೇಳಬೇಕಾಗಿಲ್ಲ. ಬ್ಯಾಂಕಿನ ಏಜೆಂಟ್ ಕೈಗೆ ದಿನಾ ಕಟ್ಟುವ ಉಳಿತಾಯ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ. ಗೂಡಂಗಡಿಯವರು, ಮೀನು ಮಾರುವ ಹೆಂಗಸರು, ಬೀಡಿ ಕಟ್ಟುವವರು, ಇವರೆಲ್ಲ ಬ್ಯಾಂಕಿನ ಮೆಟ್ಟಿಲು ಹತ್ತದೆ ಉಳಿತಾಯ ಮಾಡಿದರು. ಅದು ನಡೆದದ್ದು ಯಾಕೆ? ಕಟ್ಟುವವರಿಗೆ ಶಿಸ್ತು ಇತ್ತು, ಸರಿ. ಅದಕ್ಕಿಂತ ಜಾಸ್ತಿ, ಏಜೆಂಟ್ ದಿನಾ ಅದೇ ಹೊತ್ತಿಗೆ ಅಂಗಡಿ ಎದುರು ಬಂದು ನಿಲ್ಲುತ್ತಿದ್ದ. ಮಳೆ ಬಂದರೂ ಬರುತ್ತಿದ್ದ. ಅವನು ಬರುತ್ತಾನೆ ಅಂತ ಗೊತ್ತಿದ್ದರಿಂದಲೇ ಇವರು ಗಲ್ಲಾದಲ್ಲಿ ಆ ಚಿಲ್ಲರೆ ಬೇರೆ ಇಡುತ್ತಿದ್ದರು. ಲೀಡ್ ಆದವರ ಅಭ್ಯಾಸವೂ ಹಾಗೇ ಇರಬೇಕು. ನೀವು ಐದಕ್ಕೆ ಏಳುವುದು ನಿಮ್ಮ ಟೀಮಿಗೆ ಕಾಣುವುದಿಲ್ಲ. ನೀವು ದಿನಾ ಹನ್ನೊಂದೂವರೆಗೆ ಅವರ ಟೇಬಲ್ ಹತ್ತಿರ ಬರುತ್ತೀರಿ ಅನ್ನುವುದು ಕಾಣುತ್ತದೆ. ಅದರ ಮೇಲೆ ಅವರು ತಮ್ಮ ಪ್ರಶ್ನೆ ಎತ್ತಿಟ್ಟುಕೊಳ್ಳುತ್ತಾರೆ.

ನನ್ನ ಮೊದಲ ಬ್ರಾಂಚಿನ ಮ್ಯಾನೇಜರ್ ಕ್ಯಾಶ್ ತೆರೆಯುವ ಮುಂಚೆ ಪ್ರತಿ ಕೌಂಟರಿಗೂ ಹೋಗುತ್ತಿದ್ದರು. ಪ್ಯೂನ್ ಹತ್ತಿರವೂ. ಭಾಷಣ ಇಲ್ಲ. "ನಿನ್ನೆಯದ್ದು ಏನಾದರೂ ಬಾಕಿ ಉಂಟಾ?" ಅಷ್ಟೇ ಪ್ರಶ್ನೆ. ಉಂಟು ಅಂದರೆ ನಿಂತು ಕೇಳುತ್ತಿದ್ದರು. ಡ್ರಾಫ್ಟ್ ತಾಳೆಯಾಗದ ದಿನ ನಾವು ಅದನ್ನು ಮುಚ್ಚಿಡುತ್ತಿರಲಿಲ್ಲ. ಬೆಳಿಗ್ಗೆ ಅವರು ಕೇಳಿಯೇ ಕೇಳುತ್ತಾರೆ, ಕೇಳಿದ ಮೇಲೆ ಬೊಬ್ಬೆ ಹೊಡೆಯುವುದಿಲ್ಲ, ಎರಡೂ ನಮಗೆ ಗೊತ್ತಿತ್ತು.

ಕಾಪು ಲೈಟ್‌ಹೌಸ್
ಪಿಗ್ಮಿ ಶುರುವಾದದ್ದು 1925ರಲ್ಲಿ ಅಲ್ವಾ ಸರ್, ಉಡುಪಿಯಲ್ಲಿ?

ಉಡುಪಿ ರಥಬೀದಿ
ಬ್ಯಾಂಕ್ ಶುರುವಾದದ್ದು 1925. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು, ಆಗ ಹೆಸರು ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅದೇ ಆಮೇಲಿನ ಸಿಂಡಿಕೇಟ್ ಬ್ಯಾಂಕ್. ಪಿಗ್ಮಿ ಬಂದದ್ದು 1928ರಲ್ಲಿ.

ಕಾಪು ಲೈಟ್‌ಹೌಸ್
ಥ್ಯಾಂಕ್ಸ್ ಸರ್. ಈಗ ಆ ಹೆಸರೇ ಇಲ್ಲ ಅಂದರೆ ಬೇಸರ ಆಗುತ್ತದೆ. 2019ರಲ್ಲಿ ವಿಜಯಾ ಬ್ಯಾಂಕ್ ಬೇರೆ ಬ್ಯಾಂಕಿನಲ್ಲಿ ವಿಲೀನ ಆಗಿ ಹೋಯಿತು, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಹೋದವು. ನಮ್ಮ ಮನೆಯಲ್ಲಿ ಎಲ್ಲ ಪಾಸ್‌ಬುಕ್ ಬದಲಾಯಿತು.

ಕುಂದಾಪ್ರದವ
ಹ್ವಾಯ್, ಬ್ಯಾಂಕಿನ ಕಥೆಗೆ ಬೇರೆ ಥ್ರೆಡ್ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಬಿಜೈಯವರ ಸೀನಿಯರ್ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ ಅಲ್ದಾ?

ನನ್ನ ಅಭಿಪ್ರಾಯ: ಸರ್ ಅನ್ನುವುದನ್ನು ಬಿಡಬೇಡಿ. ಕೆಲವರು ಹುದ್ದೆ ಬಂದ ಮೇಲೆ ಹೆಸರು ಹಿಡಿದು ಕರೆಯಬೇಕು ಅನ್ನುತ್ತಾರೆ. ನಮ್ಮ ಕಡೆ ಅದು ಚಂದ ಕಾಣುವುದಿಲ್ಲ, ಅಗತ್ಯವೂ ಇಲ್ಲ. ಮರ್ಯಾದೆ ಕೊಟ್ಟು ಕೆಲಸ ಹೇಳಬಹುದು. ಆದರೆ ಅವರಿಗೆ ಹೊಸ ವಿಷಯ ಮೀಟಿಂಗಿನಲ್ಲಿ ಎಲ್ಲರ ಜೊತೆ ಮೊದಲ ಸಲ ಗೊತ್ತಾಗಬಾರದು. ಹಿಂದಿನ ದಿನವೇ ಹೋಗಿ ಕೂತು ಮಾತಾಡಿ. "ಸರ್, ಫಾರ್ಮ್ಯಾಟ್ ಬದಲಾಗುತ್ತಿದೆ. ಎಲ್ಲಿ ಎಡವಬಹುದು ಅಂತ ನಿಮಗೆ ಅನಿಸುತ್ತದೆ?" ಅಂತ ಕೇಳಿ. ಹೊಸಬರಿಗೆ ಕಲಿಸುವ ಜವಾಬ್ದಾರಿಯನ್ನು ಅವರಿಗೇ ಕೊಡಿ, ಬಾಯಿ ಮಾತಲ್ಲಿ ಅಲ್ಲ, ಕೆಲಸದ ಪಟ್ಟಿಯಲ್ಲಿ ಬರೆದು. ಅಷ್ಟು ಸಮಯ ಅವರ ಬಿಲ್ಲಿನ ಟಾರ್ಗೆಟ್‌ನಿಂದ ಕಡಿಮೆ ಮಾಡಿ. ಅದು ಮಾಡದಿದ್ದರೆ ಗೌರವದ ಹೆಸರಲ್ಲಿ ಕೆಲಸ ಹೇರಿದ ಹಾಗೆ ಆಗುತ್ತದೆ.

ಬಿಜೈ ಬಿಲ್ಲಿಂಗ್
ಟಾರ್ಗೆಟ್ ಕಡಿಮೆ ಮಾಡುವುದು ನನಗೆ ಹೊಳೆದೇ ಇರಲಿಲ್ಲ. ಮ್ಯಾನೇಜರ್ ಹತ್ತಿರ ಕೇಳುತ್ತೇನೆ. ಥ್ಯಾಂಕ್ಸ್.

ಬೈಕಂಪಾಡಿ ಬಿ ಶಿಫ್ಟ್
ಎಲ್ಲರೂ ಒಳ್ಳೆಯ ಸಲಹೆ ಕೊಡುತ್ತಿದ್ದೀರಿ. ನನಗೊಂದು ಸಂಶಯ. ಬಿಜೈ ಮೇಡಂ, ನಿಮಗಿಂತ ಮುಂಚೆ ಇದ್ದ ಲೀಡ್ ಹೇಗಿದ್ದರು?

ಬಿಜೈ ಬಿಲ್ಲಿಂಗ್
ಕೆಲಸದಲ್ಲಿ ತುಂಬಾ ಚುರುಕು. ಆದರೆ ತಪ್ಪಾದರೆ ಎಲ್ಲರ ಎದುರು ಸ್ಕ್ರೀನ್ ತೋರಿಸಿ ಜೋರು ಮಾಡುತ್ತಿದ್ದರು. ಒಬ್ಬ ಹುಡುಗಿ ಅತ್ತದ್ದೂ ಉಂಟು.

ಬೈಕಂಪಾಡಿ ಬಿ ಶಿಫ್ಟ್
ಹಾಗಾದರೆ ನಿಮ್ಮ ಟೀಮ್ ಸುಮ್ಮನಿರುವುದು ನಿಮ್ಮಿಂದಲ್ಲ. ಅವರಿಗೆ ಹಳೇ ಪೆಟ್ಟು ಇನ್ನೂ ನೆನಪುಂಟು. ಬಾಯಿ ಬಿಟ್ಟವನಿಗೆ ಬೈಗುಳ ಸಿಕ್ಕಿದ ಜಾಗದಲ್ಲಿ ಮತ್ತೆ ಬಾಯಿ ಬಿಡಲಿಕ್ಕೆ ತಿಂಗಳುಗಟ್ಟಲೆ ಬೇಕು.

ನಮ್ಮ ಫ್ಯಾಕ್ಟರಿಯಲ್ಲಿ ನಿಯರ್ ಮಿಸ್ ರಿಜಿಸ್ಟರ್ ಅಂತ ಉಂಟು. ಅಪಘಾತ ಆಗಲಿಲ್ಲ, ಆದರೆ ಆಗುವುದರಲ್ಲಿತ್ತು ಅನ್ನುವಂಥದ್ದನ್ನು ಬರೆಯುವ ಪುಸ್ತಕ. ಟೈಮ್ ಆಫೀಸ್ ಪಕ್ಕ ಗೋಡೆಗೆ ನೇತು ಹಾಕಿರುತ್ತಾರೆ, ಪೆನ್ನಿಗೆ ದಾರ ಕಟ್ಟಿ. ಮೊದಲು ಅದು ಖಾಲಿ ಇರುತ್ತಿತ್ತು. ಖಾಲಿ ಇದ್ದರೆ ಎಲ್ಲ ಸುರಕ್ಷಿತ ಅಂತ ಮೇಲಿನವರಿಗೆ ಖುಷಿ. ಆಮೇಲೆ ಹೊಸ ಶಿಫ್ಟ್ ಇನ್‌ಚಾರ್ಜ್ ಬಂದರು. ದಿನಾ ಟೂಲ್‌ಬಾಕ್ಸ್ ಟಾಕ್, ಅಂದರೆ ಕೆಲಸಕ್ಕೆ ಮುಂಚಿನ ಸುರಕ್ಷತೆಯ ಮಾತುಕತೆ, ಶುರುವಾಗುವಾಗ ಆ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಬರುತ್ತಿದ್ದರು. ಯಾರಾದರೂ "ಮೆಟ್ಟಿಲ ಹತ್ತಿರ ಎಣ್ಣೆ ಚೆಲ್ಲಿದೆ, ಕಾಲು ಜಾರಿತು" ಅಂತ ಬರೆದರೆ ಅವತ್ತೇ ಅಲ್ಲಿಗೆ ಹೋಗಿ, ಒರೆಸಿ, ಸೋರುವ ಜಾಗ ಹುಡುಕಿ, ಅದೇ ಸಾಲಿನ ಮುಂದೆ ಏನು ಮಾಡಿದೆವು ಅಂತ ಬರೆದು ಸಹಿ ಹಾಕುತ್ತಿದ್ದರು. ಯಾರು ಚೆಲ್ಲಿದ್ದು ಅಂತ ಒಂದು ದಿನವೂ ಕೇಳಲಿಲ್ಲ. ಈಗ ಪುಸ್ತಕ ತುಂಬಿ ಹೊಸತು ತರಿಸುತ್ತಾರೆ.

ನಮ್ಮವರು ಬರೆಯಲಿಕ್ಕೆ ಶುರು ಮಾಡಿದ್ದು ಆ ಸಹಿ ನೋಡಿ. ಹೇಳಿದ್ದಕ್ಕೆ ಏನೋ ಒಂದು ಆಗುತ್ತದೆ ಅಂತ ಕಂಡರೆ ಮಾತ್ರ ಜನ ಹೇಳುತ್ತಾರೆ ಮಾರಾಯ್ರೆ.

ಸುರತ್ಕಲ್ ಕ್ಯಾಂಟೀನ್
ಬೈಕಂಪಾಡಿಯವರು ಹೇಳಿದ್ದಕ್ಕೆ ಸರಿಯಾಗಿ ಹೊಂದುವ ಅಧ್ಯಯನ ಉಂಟು. ಏಮಿ ಎಡ್ಮಂಡ್‌ಸನ್ ಅಂತ, ಈಗ ಹಾರ್ವರ್ಡ್‌ನಲ್ಲಿ ಪ್ರೊಫೆಸರ್. 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಂದುಕೊಂಡಿದ್ದರು. ಅಂಕಿ ಉಲ್ಟಾ ಬಂತು. ಒಳ್ಳೆಯ ತಂಡದಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಒಳಗೆ ಹೋಗಿ ನೋಡಿದರೆ, ಅವರು ತಪ್ಪನ್ನು ಹೇಳುತ್ತಿದ್ದರು, ಉಳಿದವರು ಮುಚ್ಚಿಡುತ್ತಿದ್ದರು.

ಅಂದರೆ ಬಿಜೈಯವರೇ, ನೀವು ಸರಿಯಾದ ದಾರಿಯಲ್ಲಿ ಹೋದರೆ ಮೊದಲ ಕೆಲವು ವಾರ ತಪ್ಪುಗಳ ಸಂಖ್ಯೆ ಏರಿದ ಹಾಗೆ ಕಾಣುತ್ತದೆ. ನಿಮ್ಮ ಮ್ಯಾನೇಜರಿಗೆ ಇದನ್ನು ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಅವರು ಗಾಬರಿಯಾಗಿ ನಿಮ್ಮನ್ನೇ ಕರೆಸುತ್ತಾರೆ.

ಮಣಿಪಾಲ ನೈಟ್ ಡ್ಯೂಟಿ
ಇದು ಸತ್ಯ. ನಾನು ಎರಡೂ ಥರದ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ.

ಚೌಕಿಮನೆ
ನಾನು ಆಫೀಸಿನವನಲ್ಲ, ಆದರೆ ಮೇಳಗಳ ಹಿಂದೆ ತಿರುಗಿದವನು. ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರನ್ನು ಒಂದನೇ ವೇಷ ಅಂತಾರೆ. ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ, ಆದರೂ ಆಟ ನಡೆಸುವವರು ಅವರೇ. ಮಾತು ಬರೆದಿಟ್ಟದ್ದು ಇರುವುದಿಲ್ಲ, ಅರ್ಥ ಹೇಳುವುದು ವೇಷಧಾರಿಯ ಸ್ವಂತದ್ದು. ಒಳ್ಳೆಯ ಭಾಗವತರು ಅವನ ಬಾಯಿಂದ ಮಾತು ಕಿತ್ತುಕೊಳ್ಳುವುದಿಲ್ಲ. ಹೊಸ ಹುಡುಗ ತಡವರಿಸಿದರೆ ತಾವೇ ಒಂದು ಪ್ರಶ್ನೆ ಹಾಕಿ ದಾರಿ ತೋರಿಸುತ್ತಾರೆ. ಉದ್ದ ಎಳೆದರೆ ಮುಂದಿನ ಪದ್ಯ ಎತ್ತಿಕೊಳ್ಳುತ್ತಾರೆ. ಬೈದು ನಿಲ್ಲಿಸುವ ಪ್ರಶ್ನೆಯೇ ಇಲ್ಲ, ಎದುರು ಪ್ರೇಕ್ಷಕರಿದ್ದಾರೆ. ಏನಾದರೂ ಹೇಳಬೇಕಾದರೆ ಆಟ ಮುಗಿದ ಮೇಲೆ, ಬಣ್ಣ ಹಚ್ಚುವ ಚೌಕಿಯಲ್ಲಿ, ಅವನೊಬ್ಬನಿಗೇ.

ಮೀಟಿಂಗಿನಲ್ಲಿ ಎಷ್ಟು ಹೊತ್ತು ನೀವು ಮಾತಾಡುತ್ತೀರಿ, ಎಷ್ಟು ಹೊತ್ತು ಅವರು ಮಾತಾಡುತ್ತಾರೆ, ಒಮ್ಮೆ ಗಮನಿಸಿ.

ಪಂಪ್‌ವೆಲ್ ಸರ್ಕಲ್
ಚೌಕಿಮನೆ ಅಣ್ಣ, ಯಕ್ಷಗಾನದಲ್ಲಿ ವೇಷಧಾರಿ ವರ್ಷಗಟ್ಟಲೆ ಕಲಿತು ಬಂದಿರುತ್ತಾನೆ. ಆಫೀಸಿನಲ್ಲಿ ನಿನ್ನೆ ಸೇರಿದವನಿಗೆ ಬಿಟ್ಟುಕೊಟ್ಟರೆ ಲಗಾಡಿ ಹೋಗುತ್ತದೆ. ಒಂದು ತಪ್ಪು ಬಿಲ್ ಕ್ಲೈಂಟಿಗೆ ಹೋದರೆ ಉತ್ತರ ಕೊಡಬೇಕಾದವರು ಲೀಡ್ ತಾನೇ?

ಚೌಕಿಮನೆ
ಅದಕ್ಕೇ ಹೊಸಬರಿಗೆ ಮೊದಲು ಕೋಡಂಗಿ, ಬಾಲಗೋಪಾಲದಂಥ ಸಣ್ಣ ವೇಷ ಕೊಡುವುದು, ಎದುರು ವೇಷದಂಥ ದೊಡ್ಡದು ಕೊಡುವುದಿಲ್ಲ. ಸಣ್ಣ ಕೆಲಸ ಕೊಡಿ, ಆದರೆ ಅದನ್ನು ಪೂರ್ತಿ ಅವನಿಗೇ ಬಿಡಿ.

ಪಂಪ್‌ವೆಲ್ ಸರ್ಕಲ್
ಹಾಂ, ಇದು ಒಪ್ಪುತ್ತೇನೆ.

ಮಲ್ಪೆ ದಕ್ಕೆ
ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟಿಗೆ ರಜೆ, 61 ದಿನ. ಆಗ ಮುಂದಿನ ಸೀಸನ್ನಿಗೆ ಯಾರು ಯಾವ ಬೋಟಿಗೆ ಅಂತ ಮಾತುಕತೆ. ತಾಂಡೇಲ ಅಂದರೆ ಬೋಟ್ ನಡೆಸುವವನು. ಬಾಯಿ ಹೊಲಸಿನ ತಾಂಡೇಲನ ಬೋಟಿಗೆ ಒಳ್ಳೆಯ ಕೈಗಳು ಬರುವುದಿಲ್ಲ, ಎಷ್ಟು ಮೀನು ಹಿಡಿಯುವವನಾದರೂ. ನೀರಲ್ಲಿ ವಾರಗಟ್ಟಲೆ ಅವನ ಜೊತೆ ಇರಬೇಕಲ್ಲ. ಆಫೀಸಿನಲ್ಲಿ ಯಾರು ರಾಜೀನಾಮೆ ಕೊಟ್ಟು ಹೋದರು ಅಂತ ನೋಡಿ, ಲೀಡ್ ಹೇಗಿದ್ದರು ಅಂತ ಗೊತ್ತಾಗುತ್ತದೆ.

ಕಾರ್ಕಳದ ಶೈಲಿ
ಮಲ್ಪೆಯವರೇ, ಈ ಸಲ ಬಂಗುಡೆ ರೇಟು ಯಾವಾಗ ಇಳಿಯುತ್ತದೆ ಅಂತಲೂ ಹೇಳಿ.

ಮಲ್ಪೆ ದಕ್ಕೆ
ಅದು ನಮ್ಮ ಕೈಯಲ್ಲಿಲ್ಲ ಅಕ್ಕ. ಸಂಜೆ ದಕ್ಕೆಗೆ ಬನ್ನಿ, ಪೇಟೆಗಿಂತ ಕಡಿಮೆಗೆ ಸಿಗುತ್ತದೆ.

ಸುರತ್ಕಲ್ ಕ್ಯಾಂಟೀನ್
ಮೊದಲ ಪೋಸ್ಟಿನ "ಕೆಲಸ ಗೊತ್ತುಂಟು" ಅನ್ನುವುದರ ಬಗ್ಗೆ ಒಂದು ಮಾತು. ಗೂಗಲ್‌ನವರು 2008ರಲ್ಲಿ ತಮ್ಮ ಒಳ್ಳೆಯ ಮ್ಯಾನೇಜರ್‌ಗಳು ಏನು ಮಾಡುತ್ತಾರೆ ಅಂತ ಹುಡುಕಲು ಶುರು ಮಾಡಿದರು, ಪ್ರಾಜೆಕ್ಟ್ ಆಕ್ಸಿಜನ್ ಅಂತ. ಎಂಟು ಗುಣ ಸಿಕ್ಕಿತು. ಮೊದಲನೆಯದು ಚೆನ್ನಾಗಿ ಕಲಿಸಿ ಬೆಳೆಸುವುದು. ತಾಂತ್ರಿಕ ಜ್ಞಾನ ಎಂಟನೆಯದು. ಅದೂ ಪಟ್ಟಿಯಲ್ಲಿತ್ತು, ಆದರೆ ಕೊನೆಯಲ್ಲಿ.

ಕುಂದಾಪ್ರದವ
ಅದು ಗೂಗಲ್. ನಮ್ಮ ಕಡೆ ಲೀಡ್‌ಗೆ ಕೆಲಸ ಗೊತ್ತಿಲ್ಲದಿದ್ದರೆ ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಉಡುಪಿ ರಥಬೀದಿ
ಎರಡೂ ಬೇಕು. ಬಿಜೈಯವರ ಹತ್ತಿರ ಒಂದು ಉಂಟು, ಇನ್ನೊಂದಕ್ಕೆ ಇಲ್ಲಿ ಕೇಳುತ್ತಿದ್ದಾರೆ.

ಬಿಜೈ ಬಿಲ್ಲಿಂಗ್
ಎಲ್ಲವನ್ನೂ ಎರಡು ಸಲ ಓದಿದೆ. ಎಲ್ಲ ಒಟ್ಟಿಗೆ ಶುರು ಮಾಡಿದರೆ ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ಸದ್ಯಕ್ಕೆ ಹೀಗೆ ಯೋಚಿಸಿದ್ದೇನೆ. ಬೆಳಿಗ್ಗೆ ಮೀಟಿಂಗಿನಲ್ಲಿ ಒಬ್ಬೊಬ್ಬರೂ ತಮ್ಮ ಮೊದಲ ಕೆಲಸ ಯಾವುದು ಅಂತ ಹೇಳುವುದು, ನಾನು ಕೊನೆಗೆ ಮಾತಾಡುವುದು. ಹನ್ನೊಂದೂವರೆಗೆ ಎಲ್ಲರ ಟೇಬಲ್ ಹತ್ತಿರ ಒಂದು ಸುತ್ತು. ಸರ್ ಹತ್ತಿರ ನಾಳೆಯೇ ಕೂತು ಮಾತಾಡುತ್ತೇನೆ. ವಾಕಿಂಗ್ ಬಿಡುವುದಿಲ್ಲ, ಅದು ನನಗೆ ಇಷ್ಟ.

ಎರಡು ಪ್ರಶ್ನೆ ಉಳಿದಿದೆ. ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ತುಂಬಾ ಜೋರು, ಆಗ ಈ ಸುತ್ತು ಹೇಗೆ? ಮತ್ತೆ ಬೈಕಂಪಾಡಿಯವರ ಪುಸ್ತಕದ ಥರ ನಮ್ಮಲ್ಲಿ ವಾಟ್ಸಾಪ್ ಗ್ರೂಪ್ ಮಾಡಬಹುದಾ?

ಮಣಿಪಾಲ ನೈಟ್ ಡ್ಯೂಟಿ
ಜೋರು ಇರುವ ದಿನವೇ ಸುತ್ತು ಬೇಕಾಗುವುದು ಮೇಡಂ. ನಮ್ಮಲ್ಲಿ ಎಮರ್ಜೆನ್ಸಿ ಇದ್ದ ದಿನ ಹ್ಯಾಂಡೋವರ್ ಗಿಡ್ಡ ಆಗುತ್ತದೆ, ಆದರೆ ಇರುತ್ತದೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ, ನಿಂತೇ. "ಎಲ್ಲಿ ಸಿಕ್ಕಿಬಿದ್ದಿದ್ದೀರಿ?" ಇಷ್ಟು ಸಾಕು. ಇನ್ನೊಂದು, ಹನ್ನೊಂದೂವರೆ ಅಂತ ಗಡಿಯಾರ ನೋಡುವ ಬದಲು ಚಹಾ ಬಂದ ಕೂಡಲೇ ಏಳುವುದು ಅಂತ ಇಟ್ಟುಕೊಳ್ಳಿ. ಚಹಾ ಹೇಗೂ ಬರುತ್ತದೆ, ಮರೆಯುವುದಿಲ್ಲ.

ಬೈಕಂಪಾಡಿ ಬಿ ಶಿಫ್ಟ್
ವಾಟ್ಸಾಪ್ ಬೇಡ. ರಾತ್ರಿ ಹತ್ತಕ್ಕೆ ಯಾರೋ ತಪ್ಪು ಬರೆಯುತ್ತಾರೆ, ಇನ್ನೊಬ್ಬ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಕಳಿಸುತ್ತಾನೆ. ಒಮ್ಮೆ ಹಾಗಾದರೆ ಮತ್ತೆ ಯಾರೂ ಬರೆಯುವುದಿಲ್ಲ. ನೋಟ್‌ಬುಕ್ಕೇ ಇಡಿ, ಪ್ರಿಂಟರ್ ಹತ್ತಿರ. ಹೆಸರು ಬರೆಯುವ ಅಗತ್ಯ ಇಲ್ಲ ಅಂತ ಮೊದಲೇ ಹೇಳಿ. ಶುರುವಿನಲ್ಲಿ ಯಾರೂ ಮುಟ್ಟುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹಳೇ ಫಾರ್ಮ್ಯಾಟಿನ ಫೈಲ್ ಇನ್ನೂ ಡೆಸ್ಕ್‌ಟಾಪಿನಲ್ಲೇ ಉಂಟಾ ಅಂತ ನೋಡಿ. ಇದ್ದರೆ ಅದೇ ಮೊದಲ ಎಂಟ್ರಿ, ನೀವೇ ಬರೆಯಿರಿ. ಐಟಿಯವರಿಗೆ ಹೇಳಿ ತೆಗೆಸಿ, ಪಕ್ಕದಲ್ಲಿ ತಾರೀಕು ಹಾಕಿ ಸಹಿ ಮಾಡಿ.

ಬಿಜೈ ಬಿಲ್ಲಿಂಗ್
ಉಂಟು, ಎಲ್ಲರ ಡೆಸ್ಕ್‌ಟಾಪಿನಲ್ಲೂ ಉಂಟು! ನಾಳೆ ಬೆಳಿಗ್ಗೆಯೇ ಐಟಿಯವರಿಗೆ ಹೇಳುತ್ತೇನೆ.